ಎರಡನೇ ರಿಮೋಟ್

"ನೀವು ಓಡಿಸುವಾಗ ನಾನು ಬ್ರೇಕಿಗೆ ಕಾಲು ಹಾಕುದಿಲ್ಲ. ಇದು ಮಾತು."

ಇಪ್ಪತ್ತೊಂದು ವರ್ಷದ ಹಿಂದೆ, ಅರಂತೋಡಿನ ನಮ್ಮ ಮನೆಯ ಚಾವಡಿಯಲ್ಲಿ, ಹೆಣ್ಣು ನೋಡಲು ಬಂದಿದ್ದ ಅಚ್ಚುತ ಎಂಬ ಗಂಡು ನನಗೆ ಕೊಟ್ಟ ಮಾತು ಇದು. ಹುಡುಗ ಪುತ್ತೂರಿನ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಎಲ್ಲ ಮಾತುಕತೆ ಮುಗಿದ ಮೇಲೆ ನನ್ನ ಅಪ್ಪ ಶಾಸ್ತ್ರಕ್ಕೆಂದು, "ಪ್ರೇಮಾವತಿ, ನಿನಗೆ ಎಂತಾದ್ರೂ ಕೇಳ್ಲಿಕ್ಕೆ ಉಂಟಾ?" ಎಂದರು. ಅಂಥ ಹೊತ್ತಿನಲ್ಲಿ ಹುಡುಗಿಯರು ತಲೆ ತಗ್ಗಿಸಿ ಇಲ್ಲ ಎನ್ನಬೇಕು. ನನಗೆ ಕೇಳಲಿಕ್ಕೆ ಇತ್ತು.

"ನನ್ನ ದೊಡ್ಡಮ್ಮನ ಮಗಳು ನಿಮ್ಮ ಹತ್ರವೇ ಕಾರು ಕಲಿತದ್ದು. ಲೈಸನ್ಸೂ ಸಿಕ್ಕಿತು. ಆದ್ರೆ ಅವಳ ಸ್ವಂತ ಕಾರು ತೆಗೆದುಕೊಂಡು ಹೋದ ಮೊದಲನೇ ದಿನ ದಿನಸಿ ಅಂಗಡಿಯ ಎರಡು ಮೆಟ್ಟಿಲು ಹತ್ತಿಸಿದ್ಲು. ಕೇಳಿದ್ರೆ, ಇಷ್ಟು ದಿನ ಕಾರು ತನ್ನಷ್ಟಕ್ಕೆ ನಿಲ್ತಾ ಇತ್ತು ಅಂತಾಳೆ. ಹಾಗೆ ಯಾಕೆ?"

ಹಿರಿಯರೆಲ್ಲ ಒಟ್ಟಿಗೆ ಕೆಮ್ಮಿದರು. ಹುಡುಗನ ಕಿವಿ ಕೆಂಪಾಯಿತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲಿನ ಹತ್ತಿರವೂ ಒಂದು ಬ್ರೇಕು ಇರುತ್ತದೆ. ಅದನ್ನು ಆತ ಸ್ವಲ್ಪ ಜಾಸ್ತಿ ಒತ್ತಿದ್ದ, ಅಷ್ಟೆ. ಆಮೇಲೆ ಜೋರಾಗಿ ನಕ್ಕು ಆ ಮಾತು ಕೊಟ್ಟ. ನಾನು ಒಪ್ಪಿದೆ. ಕೆಲವರು ತೋಟ ನೋಡಿ ಮದುವೆಯಾಗುತ್ತಾರೆ, ಕೆಲವರು ನೌಕರಿ ನೋಡಿ. ನಾನು ಒಂದು ಬ್ರೇಕಿನ ಮೇಲಿನ ಭರವಸೆಗೆ ಮದುವೆಯಾದೆ.

ಮದುವೆಯಾಗಿ ಮೂರು ತಿಂಗಳಿಗೆ ಒಂದು ಭಾನುವಾರ ಇವರು ಸ್ಕೂಲಿನ ಕಾರು ತಂದರು. ಈಶ್ವರಮಂಗಲದ ನಮ್ಮ ಮನೆಯಿಂದ ಸ್ವಲ್ಪ ಆಚೆ ಒಂದು ಶಾಲಾ ಮೈದಾನ. ಗೇಟಿನಿಂದ ಗೋಲ್ ಕಂಬದವರೆಗೆ ಹೋಗುವಷ್ಟರಲ್ಲಿ ಕಾರು ಹತ್ತೊಂಬತ್ತು ಸಲ ನಿಂತಿತು. ನಾನು ಎಣಿಸಿದ್ದೇನೆ.

"ಈಗ ಎಂತಕ್ಕೆ ಒತ್ತಿದ್ರಿ?"

"ನಾಯಿ."

"ನಾಯಿ ಮಲಗಿದೆ."

"ಎದ್ದರೆ?"

ನಾನು ಇಳಿದು ಬಾಗಿಲು ಹಾಕಿ ಮನೆಗೆ ನಡೆದೆ. ಇವರು ಹಿಂದಿನಿಂದ ಕಾರಿನಲ್ಲಿ ಮೆಲ್ಲ ಬಂದರು. ನಾಯಿ ಏಳಲಿಲ್ಲ.

ನನ್ನ ಕಾರು ಕಲಿಕೆ ಅಲ್ಲಿಗೆ ಮುಗಿಯಿತು. ಆಮೇಲೆ ಭವಿತಾ ಹುಟ್ಟಿದಳು, ಮೋಕ್ಷಿತ್ ಹುಟ್ಟಿದ, ಜಗಲಿಗೆ ಹೊಲಿಗೆ ಮೆಷಿನ್ ಬಂತು. ಬೆಳಗ್ಗೆ ಮೂರು ಬುತ್ತಿ, ಮಧ್ಯಾಹ್ನ ಹತ್ತು ರವಿಕೆ, ಸಂಜೆ ಇಬ್ಬರ ಹೋಂವರ್ಕು. ಕಾರಿನ ವಿಷಯ ಎತ್ತಲಿಕ್ಕೂ ಪುರುಸೊತ್ತಿರಲಿಲ್ಲ.

ಇವರು ಕೆಟ್ಟವರು ಎಂದು ಯಾರೂ ತಿಳಿಯಬಾರದು. ಬೈಯುವವರಲ್ಲ, ಬೊಬ್ಬೆ ಹಾಕುವವರಲ್ಲ. ಹಾಗಾಗಿಯೇ ಪುತ್ತೂರು, ಸುಳ್ಯ, ಕಡಬದ ಹೆಂಗಸರೆಲ್ಲ ಇವರನ್ನೇ ಹುಡುಕಿಕೊಂಡು ಬರುತ್ತಿದ್ದದ್ದು. ಗಂಡಸರಿಗೆ ಕಲಿಸುವಾಗ ಇವರು ಎಡಗೈಯನ್ನು ಕಿಟಕಿಯ ಹೊರಗೆ ಇಟ್ಟು ಅರ್ಧ ನಿದ್ದೆಯಲ್ಲಿ ಕೂರುತ್ತಿದ್ದರಂತೆ. ಹೆಂಗಸರಾದರೆ ಬೆನ್ನು ನೆಟ್ಟಗೆ, ಬಲಗಾಲು ಬ್ರೇಕಿನ ಮೇಲೆ. "ಗಂಡಸರು ಗುದ್ದಿದ್ರೆ ಅವರೇ ನೋಡ್ಕೊಳ್ತಾರೆ. ಹೆಂಗಸರು ಗುದ್ದಿದ್ರೆ ಮನೆಯಲ್ಲಿ ಪುನಃ ಕಾರು ಮುಟ್ಲಿಕ್ಕೆ ಬಿಡುದಿಲ್ಲ," ಎಂದು ಇವರ ಸಮಜಾಯಿಷಿ. ಸುಳ್ಳಲ್ಲ. ಆದರೆ ಇವರ ಶಿಷ್ಯೆಯರ ಕಾರುಗಳನ್ನು ಪೇಟೆಯಲ್ಲಿ ದೂರದಿಂದಲೇ ಗುರುತಿಸಬಹುದು ಎಂಬುದೂ ಸುಳ್ಳಲ್ಲ. ಎಲ್ಲದಕ್ಕೂ ಮುಂದಿನ ಬಂಪರಿನಲ್ಲೇ ನಗ್ಗು.

ಕಳೆದ ವರ್ಷ ಡ್ರೋನ್ ಹಾರಿಸಲು ಕಲಿಸುವ ಒಂದು ಕಂಪೆನಿ ಪುತ್ತೂರಿನ ಹೊರಗೆ ಮೈದಾನ ಬಾಡಿಗೆಗೆ ಹಿಡಿಯಿತು. ಮಹಿಳಾ ಗುಂಪುಗಳಿಗೆ ಸರಕಾರದಿಂದ ಡ್ರೋನ್ ಕೊಡುವ ಯೋಜನೆ ಬಂದಿತ್ತು. ತೋಟಗಳಿಗೆ ಮದ್ದು ಬಿಡಲು ಜನ ಸಿಗದ ಊರಿನಲ್ಲಿ ಅದಕ್ಕೆ ಕೆಲಸ ಬೇಕಾದಷ್ಟು. ಕಂಪೆನಿಗೆ ಹೆಂಗಸರಿಗೆ ಕಲಿಸಿ ಅನುಭವ ಇದ್ದವರು ಬೇಕಿತ್ತು. ಐವತ್ತಾಗಲು ಎರಡು ವರ್ಷ ಇದ್ದ ಇವರು ಬೆಂಗಳೂರಿಗೆ ಹೋಗಿ, ಕಲಿತು, ಪರೀಕ್ಷೆ ಬರೆದು, ಇನ್‌ಸ್ಟ್ರಕ್ಟರ್ ಎಂಬ ಬಿಲ್ಲೆ ಕುತ್ತಿಗೆಗೆ ನೇತುಹಾಕಿಕೊಂಡು ಬಂದರು.

ನಮ್ಮ ಊರಿನ ಮಹಿಳಾ ಗುಂಪಿನಿಂದ ಏಳು ಮಂದಿ ಬೇಕು, ಅವರಲ್ಲಿ ಐದು ಮಂದಿಯಾದರೂ ಪಾಸಾದರೆ ಒಂದು ಡ್ರೋನ್ ಗುಂಪಿಗೆ, ಇಲ್ಲದಿದ್ದರೆ ಅದು ಬೇರೆ ತಾಲೂಕಿಗೆ. ಆರು ಹೆಸರು ಬಂದವು. ಏಳನೆಯದು ನಾನು ಕೊಟ್ಟೆ. ಇಪ್ಪತ್ತು ವರ್ಷ ಕುಳಿತಲ್ಲೇ ಕುಳಿತು, ತಲೆ ತಗ್ಗಿಸಿ, ಊರಿನವರ ರವಿಕೆಗೆ ಹುಕ್ಕು ಹಚ್ಚಿದ್ದೇನೆ. ಎದ್ದು ನಿಂತು ತಲೆ ಎತ್ತಿ ಮಾಡುವ ಒಂದು ಕೆಲಸ ನನಗೆ ಬೇಕಿತ್ತು.

"ನೀನು ಬೇಡ ಮಾರಾಯ್ತಿ. ಬೇರೆ ಯಾರಿಗೆ ಬೇಕಾದ್ರೂ ಕಲಿಸ್ತೇನೆ," ಎಂದರು ಇವರು.

"ಅದೇ ಆದದ್ದಲ್ವಾ ಇಷ್ಟು ವರ್ಷ?" ಎಂದೆ.

ಇವರು ಏಳನೆಯ ಹೆಸರು ಬರೆದುಕೊಂಡರು.

ಕಂಪೆನಿಯ ನಿಯಮದ ಪ್ರಕಾರ ಕಲಿಯುವವರನ್ನೆಲ್ಲ ಮೇಡಂ ಎನ್ನಬೇಕು, ಕಲಿಸುವವರನ್ನು ಸರ್ ಎನ್ನಬೇಕು. ಹಾಗಾಗಿ ನಮ್ಮದು ಮನೆಯಲ್ಲಿ ನಮ್ಮ ಮನೆಮಾತು ಅರೆಭಾಷೆಯಲ್ಲಿ ಜಗಳ, ಮೈದಾನದಲ್ಲಿ ಕನ್ನಡದಲ್ಲಿ ಗೌರವ. ಬೆಳಗ್ಗೆ ಇವರು ಸ್ಕೂಟರಿನಲ್ಲಿ ಹೊರಟರೆ ನಾನು ಬಸ್ಸಿಗೆ ಕಾಯುತ್ತಿದ್ದೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬಂದರೆ ಪಕ್ಷಪಾತ ಅಂತಾರೆ ಎಂದು ಇವರಿಗೆ ಹೆದರಿಕೆ. ಬುತ್ತಿ ಮಾತ್ರ ಇಬ್ಬರದ್ದೂ ಸ್ಕೂಟರಿನಲ್ಲಿ ಹೋಗುತ್ತಿತ್ತು.

ಕಂಪೆನಿಯವರು ಇವರಿಗೆ ಒಂದು ಪುಸ್ತಿಕೆ ಕೊಟ್ಟಿದ್ದರು: ಮಹಿಳೆಯರಿಗೆ ಕಲಿಸುವ ವಿಧಾನ. ಧ್ವನಿ ಏರಿಸಬಾರದು. ಹೆದರಿಸಬಾರದು. ಅವರ ದಿನನಿತ್ಯದ ಬದುಕಿನಿಂದ ಉದಾಹರಣೆ ಕೊಡಬೇಕು. ಮೊದಲ ದಿನ ಇವರು ಆ ಮೂರನೆಯ ಸಾಲನ್ನು ಹಿಡಿದುಕೊಂಡೇ ಶುರು ಮಾಡಿದರು.

"ನೋಡಿ ಮೇಡಂ, ರಿಮೋಟಿನಲ್ಲಿ ಎಡಗೈಗೆ ಸಿಗುವ ಈ ಕಡ್ಡಿ ಉಂಟಲ್ಲ, ಇದು ಡ್ರೋನನ್ನು ಮೇಲೆ ಕೆಳಗೆ ಮಾಡುದು. ಇದನ್ನು ಗ್ಯಾಸಿನ ಕಿವಿ ಅಂತ ತಿಳ್ಕೊಳ್ಳಿ. ತಿರುಗಿಸಿದಷ್ಟೂ ಉರಿ ಜಾಸ್ತಿ."

"ತಿರುಗಿಸಿದಷ್ಟೂ ಕಮ್ಮಿ ಸರ್," ಎಂದಳು ಸುಪ್ರಿತಾ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಡಿಗ್ರಿ ಮುಗಿಸಿದವಳು. "ಪೂರ್ತಿ ತಿರುಗಿಸಿದ್ರೆ ಸಿಮ್ ಆಗುದು."

"ಆಯ್ತು, ಸ್ಟೌವು ಬಿಡಿ. ಇನ್ನು ಇಳಿಸುದು. ಇಳಿಸುವಾಗ ದಡಬಡ ಮಾಡ್ಲಿಕ್ಕೆ ಇಲ್ಲ. ನೀರುದೋಸೆ ಮಗುಚಿದ ಹಾಗೆ ಮೆಲ್ಲ…"

ಆರು ಮಂದಿ ನನ್ನ ಕಡೆಗೆ ತಿರುಗಿದರು.

ಅಕ್ಕು ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡರು. ಐವತ್ತೈದು ದಾಟಿದವರು, ಮಗಳು ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತ ವರ್ಷ ತಾನೂ ಜೊತೆಗೆ ಕೂತು ಪಾಸಾದವರು. "ಸರ್, ನೀರುದೋಸೆ ಮಗುಚ್ಲಿಕ್ಕೆ ಇಲ್ಲ. ಮುಚ್ಚಳ ಹಾಕುದು, ತೆಗೆಯುದು, ಮಡಚುದು."

"ಮಗುಚುದಿಲ್ವಾ?"

"ಪ್ರೇಮಾ, ನೀನು ಮನೆಯಲ್ಲಿ ಇವರಿಗೆ ನೀರುದೋಸೆ ಮಗುಚಿ ಹಾಕುದಾ?"

"ಇಪ್ಪತ್ತೊಂದು ವರ್ಷದಿಂದ ತಿಂತಾ ಇದ್ದಾರೆ ಚಿಕ್ಕಮ್ಮ," ಎಂದೆ. "ಮಾಡುದನ್ನು ನೋಡ್ಲಿಲ್ಲ."

ಆ ದಿನದ ಅರ್ಧ ಗಂಟೆ ನೀರುದೋಸೆಗೆ ಹೋಯಿತು. ಅಕ್ಕಿ ಎಷ್ಟು ಹೊತ್ತು ನೆನೆಸಬೇಕು ಎಂಬಲ್ಲಿಗೆ ಬಂದಾಗ ಸರ್ ಪುಸ್ತಿಕೆಯನ್ನು ಚೀಲಕ್ಕೆ ಹಾಕಿದರು.

ಹಾರಿಸುವುದು ಮಾತ್ರ ನಾವು ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಕಲಿಯುವವರ ಕೈಯಲ್ಲಿ ಒಂದು ರಿಮೋಟು, ಹಿಂದೆ ನಿಂತ ಸರ್ ಕೈಯಲ್ಲಿ ಇನ್ನೊಂದು. ಏನಾದರೂ ಅಪಾಯವಾದರೆ ಸರ್ ತನ್ನ ರಿಮೋಟಿನ ಒಂದು ಸ್ವಿಚ್ಚು ಒತ್ತಿದರೆ ಸಾಕು, ಡ್ರೋನ್ ಅವರ ಮಾತು ಕೇಳುತ್ತದೆ. ಆಗ ನಮ್ಮ ಕೈಯಲ್ಲಿರುವುದು ಮಕ್ಕಳ ಆಟಿಕೆಗೆ ಸಮ. ಆದರೆ ಅಪಾಯ ಆಗಲೇ ಇಲ್ಲ. ಮೊದಲ ವಾರದಲ್ಲೇ ಏಳು ಮಂದಿಯೂ ಎತ್ತಿದೆವು, ಇಳಿಸಿದೆವು, ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತು ಹಾಕಿಸಿದೆವು. ಸರ್ ವೀಡಿಯೋ ಮಾಡಿಸಿ ಕಂಪೆನಿಗೆ ಕಳಿಸಿದರು. ಇಂಥ ಹೆಂಗಸರನ್ನು ನಾವು ನೋಡಿಯೇ ಇಲ್ಲ ಎಂದು ಅಲ್ಲಿಂದ ಉತ್ತರ ಬಂತು. ನಾವು ಆ ದಿನ ಪೇಟೆಯಲ್ಲಿ ಐಸ್‌ಕ್ರೀಂ ತಿಂದೆವು.

ಮರುದಿನ ಬೆಳಗ್ಗೆ ನಾನು ಬುತ್ತಿಗೆ ಪಲ್ಯ ತುಂಬುತ್ತಿದ್ದಾಗ ಮೋಕ್ಷಿತ್ ನನ್ನ ಫೋನಿನಲ್ಲಿ ಆ ವೀಡಿಯೋ ನೋಡುತ್ತಿದ್ದ.

"ಅಮ್ಮ, ನೀನು ಕಣ್ಣು ಮುಚ್ಚಿದ್ದೀಯಲ್ಲ?"

"ಎಲ್ಲಿ?"

"ಇಲ್ಲಿ. ಎಂಟು ಹಾಕುವಾಗ."

ನೋಡಿದೆ. ಹೌದು. ಡ್ರೋನ್ ಒಂದು ಚಂದದ ಎಂಟು ಬರೆಯುತ್ತಿದೆ. ಅದರ ಪೈಲಟ್ ಪ್ರೇಮಾವತಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಲ್ಲಿ ದೇವರ ಹೆಸರು ಹೇಳುತ್ತಿದ್ದಾಳೆ. ವೀಡಿಯೋದ ಮೂಲೆಯಲ್ಲಿ ಸರ್ ಕಾಣುತ್ತಾರೆ. ಮುಖ ಶಾಂತ. ಆದರೆ ಅವರ ಬಲಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಒತ್ತುತ್ತಿತ್ತು. ಆ ಕಾಲು ನನಗೆ ಗೊತ್ತು. ಬಸ್ಸಿನಲ್ಲಿ ಕೂತಾಗಲೂ, ಟಿವಿಯಲ್ಲಿ ಕಾರು ಓಡುವಾಗಲೂ ಅದು ಹಾಗೆಯೇ ಒತ್ತುತ್ತದೆ.

ಆ ದಿನ ಮೈದಾನದಲ್ಲಿ ನಾನು ಡ್ರೋನ್ ನೋಡಲಿಲ್ಲ, ಕಾಲು ನೋಡಿದೆ. ಅಕ್ಕು ಚಿಕ್ಕಮ್ಮ ಹಾರಿಸುತ್ತಿದ್ದರು. ಅಷ್ಟರಲ್ಲಿ ಅವರ ಫೋನು ಬಂತು. ರಿಮೋಟನ್ನು ಎಡ ಕಂಕುಳಿಗೆ ಸಿಕ್ಕಿಸಿ, "ಹಲೋ, ಹ್ಞಾಂ, ಕರುವನ್ನು ಕಟ್ಟಿ ಹಾಕು, ನಾನು ಡ್ರೋನಿನಲ್ಲಿ ಇದ್ದೇನೆ," ಎಂದರು. ಡ್ರೋನ್ ಒಂದು ಗೆರೆ ತಪ್ಪದೆ ಎಂಟನ್ನು ಮುಗಿಸಿತು. ಸರ್ ಕಾಲಿನ ಹೆಬ್ಬೆರಳು ಕೆಲಸದಲ್ಲಿತ್ತು.

"ನೋಡಿದ್ರಾ? ಕೈ ಪಳಗಿತು," ಎಂದರು ಚಿಕ್ಕಮ್ಮ, ಫೋನು ಸೆರಗಿಗೆ ಸಿಕ್ಕಿಸುತ್ತ.

ನನ್ನ ಸರದಿ ಬಂದಾಗ ಡ್ರೋನ್ ಮೇಲೆ ಹೋದ ಮೇಲೆ ಎರಡೂ ಕೈಯ ಹೆಬ್ಬೆರಳನ್ನು ಕಡ್ಡಿಗಳಿಂದ ಎತ್ತಿ ಗಾಳಿಯಲ್ಲಿ ಹಿಡಿದೆ. ಡ್ರೋನ್ ಎಂಟು ಬರೆಯಿತು, ತಿರುಗಿತು, ಬಂದು ಬಿಳಿ ಗೆರೆಯ ನಡುವೆ ಕೋಳಿ ಕೂತ ಹಾಗೆ ಕೂತಿತು.

"ಬಹಳ ಚಂದ ಮೇಡಂ," ಎಂದರು ಸರ್.

ಪರೀಕ್ಷೆಗೆ ಎಂಟು ದಿನ ಇತ್ತು. ನಾವು ಏಳು ಮಂದಿಯೂ ಒಂದು ನಿಮಿಷವೂ ಡ್ರೋನ್ ಹಾರಿಸಿರಲಿಲ್ಲ.

ಮಾರನೇ ಬೆಳಗ್ಗೆ ಅಡುಗೆಮನೆಯಲ್ಲಿ ಸರ್ ಸಿಕ್ಕಿದರು, ಬನಿಯನ್ನಿನಲ್ಲಿ.

"ಪರೀಕ್ಷೆಯ ದಿನ ಎಂತ ಮಾಡ್ತೀರಿ? ಏಳು ಜನರದ್ದೂ ನೀವೇ ಬರೀತೀರಾ?"

ಇವರು ಚಾ ಲೋಟ ಕೆಳಗಿಟ್ಟರು. "ಬಿದ್ರೆ?"

"ಬಿದ್ರೆ ಬೀಳ್ತದೆ."

"ಅದು ನಿನ್ನ ಕತ್ತರಿಯಲ್ಲ, ಬಿದ್ದದ್ದನ್ನು ಹೆಕ್ಕಿಕೊಳ್ಳಲಿಕ್ಕೆ."

"ನೀವು ಬೆಂಗಳೂರಿನಲ್ಲಿ ಕಲಿಯುವಾಗ ಬೀಳಿಸ್ಲಿಲ್ವಾ?"

ಇವರು ಚಾ ನೋಡಿದರು.

"ಎಷ್ಟು ಸಲ?"

"ಮೂರು."

"ಆಗ ನಿಮ್ಮ ಸರ್ ಎಂತ ಮಾಡ್ತಾ ಇದ್ರು?"

"ಚಾ ಕುಡೀತಾ ಇದ್ದ."

"ಹಾಗಾದ್ರೆ ನೀವೂ ಕುಡೀರಿ," ಎಂದೆ. ಬುತ್ತಿಯ ಮುಚ್ಚಳ ಅಂದು ಸ್ವಲ್ಪ ಜೋರಾಗಿಯೇ ಬಿತ್ತು. ಮೋಕ್ಷಿತ್ ಪುಸ್ತಕದೊಳಗೆ ಮುಖ ಹಾಕಿದ.

ಇವರು ಪ್ರಯತ್ನ ಮಾಡಲಿಲ್ಲ ಎಂದಲ್ಲ. ಅಂದು ಮೈದಾನದಲ್ಲಿ ಎಲ್ಲರ ಎದುರು ತಪ್ಪು ಒಪ್ಪಿಕೊಂಡರು. ಇನ್ನು ಮುಂದೆ ಎರಡನೇ ರಿಮೋಟು ಮೇಜಿನ ಮೇಲೆ ಇರುತ್ತದೆ, ನಾನು ಮುಟ್ಟುವುದಿಲ್ಲ ಎಂದರು. ಸುಪ್ರಿತಾ ಡ್ರೋನ್ ಎತ್ತಿದಳು. ಅದು ಒಂದು ಗೇಣು ಎಡಕ್ಕೆ ವಾಲಿತು. ಸರ್ ಮೇಜಿನವರೆಗೆ ಹಾರಿದ ವೇಗಕ್ಕೆ ಡ್ರೋನೇ ನಾಚಬೇಕು. ಎರಡನೇ ಸಲ ಕೈಕಟ್ಟಿ ನಿಂತರು, ಓಡುವಾಗ ಬಿಚ್ಚಿದರು. ಮೂರನೇ ಸಲ ಮೈದಾನದ ಆ ತುದಿಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಅಲ್ಲಿಂದಲೂ ಓಡಿ ಬಂದರು.

"ಇದು ಕಾಯಿಲೆ," ಎಂದರು ಅಕ್ಕು ಚಿಕ್ಕಮ್ಮ. "ನಾಳೆ ನಾನು ಮದ್ದು ತರ್ತೇನೆ."

ಮರುದಿನ ಅವರು ಬಸ್ಸಿನಿಂದ ಇಳಿದದ್ದು ಗಟ್ಟಿ ಸೊಳೆಯ ಒಂದು ದೊಡ್ಡ ಬಕ್ಕೆ ಹಲಸಿನ ಹಣ್ಣಿನೊಂದಿಗೆ. ಕಂಡಕ್ಟರ್ ಅದಕ್ಕೂ ಟಿಕೇಟು ಕೇಳಿದನಂತೆ. ಮರದಡಿಯಲ್ಲಿ ಗೋಣಿ ಹಾಸಿದರು, ಹಣ್ಣನ್ನು ಎರಡು ಹೋಳು ಮಾಡಿದರು, ಸರ್ ಅವರನ್ನು ಅದರ ಎದುರು ಕೂರಿಸಿದರು.

"ಸರ್, ನಾವು ಏಳು ಜನ ಹಸಿದಿದ್ದೇವೆ. ನೀವು ಸೊಳೆ ಬಿಡಿಸಿ ಕೊಡ್ಬೇಕು."

"ಎಣ್ಣೆ?" ಎಂದರು ಸರ್.

"ಎಣ್ಣೆ ತರ್ಲಿಕ್ಕೆ ಮರೆತುಹೋಯ್ತು."

ಹಲಸಿನ ಮೇಣದ ಗುಣ ನಮ್ಮ ಊರಿನವರಿಗೆ ವಿವರಿಸಬೇಕಾಗಿಲ್ಲ. ಎಣ್ಣೆ ಹಚ್ಚದೆ ಕೈ ಹಾಕಿದವನು ಆಮೇಲೆ ಮುಟ್ಟಿದ್ದೆಲ್ಲ ಅವನದೇ ಆಗುತ್ತದೆ, ಬಿಡುವುದಿಲ್ಲ. ಹತ್ತು ನಿಮಿಷದಲ್ಲಿ ಸರ್‌ನ ಹತ್ತು ಬೆರಳೂ ಒಂದಕ್ಕೊಂದು ಅಂಟಿದವು. ಎರಡನೇ ರಿಮೋಟು ಪಕ್ಕದಲ್ಲೇ ಇತ್ತು, ಹೊಳೆಯುತ್ತ. ಅದು ಕಂಪೆನಿಯದ್ದು. ಮೇಣದ ಕೈಯಲ್ಲಿ ಅದನ್ನು ಮುಟ್ಟುವುದಕ್ಕಿಂತ ಡ್ರೋನ್ ಬೀಳುವುದೇ ವಾಸಿ ಎಂಬ ಸ್ಥಿತಿಗೆ ಅವರು ಬಂದು ಮುಟ್ಟಿದ್ದರು.

"ಪ್ರೇಮಾವತಿ ಮೇಡಂ, ನೀವು ಮೊದಲು," ಎಂದರು ಸರ್.

ನಾನು ಎತ್ತಿದೆ. ಮೊದಲ ಸಲ ಅದು ನನ್ನ ಮಾತು ಕೇಳಿತು. ಹೇಗೆ ಗೊತ್ತಾಯಿತೆಂದರೆ, ಅದು ಕೆಟ್ಟದಾಗಿ ಕೇಳಿತು. ಎಡಕ್ಕೆ ಎಂದರೆ ತುಂಬ ಎಡಕ್ಕೆ, ಮುಂದೆ ಎಂದರೆ ತುಂಬ ಮುಂದೆ. ಮೈದಾನದ ಬದಿಯ ಗೇರುಮರಕ್ಕೆ ಹೋಗಿ, ಕೊಂಬೆಗೆ ಬಡಿದು, ಎಲೆಗಳ ಸಮೇತ ನೆಲಕ್ಕೆ ಬಿತ್ತು. ಸರ್ ಎದ್ದು ನಿಂತರು. ಮಡಿಲಿನಿಂದ ಸೊಳೆಗಳು ಉರುಳಿದವು.

ನಾನು ಹೋಗಿ ನೋಡಿದೆ. ಒಂದು ಫ್ಯಾನಿನ ಎಸಳು ಮುರಿದಿತ್ತು. ಪೆಟ್ಟಿಗೆಯಲ್ಲಿ ಅಂಥವು ಇಪ್ಪತ್ತನಾಲ್ಕು ಇದ್ದವು.

"ಬಿತ್ತು," ಎಂದರು ಅಕ್ಕು ಚಿಕ್ಕಮ್ಮ. "ಇನ್ನು ಹೆದರ್ಲಿಕ್ಕೆ ಎಂತ ಬಾಕಿ ಉಂಟು? ಕೂತ್ಕೊಳ್ಳಿ ಸರ್, ಅರ್ಧ ಹಣ್ಣು ಹಾಗೇ ಉಂಟು."

ಮತ್ತೆ ಐದು ದಿನ, ಐದು ಹಲಸು. ಸರ್ ಮರದಡಿಯಲ್ಲಿ ಕೂತು ಕೈ ಕಟ್ಟಿಹಾಕಿಸಿಕೊಂಡವರಂತೆ ಬಾಯಲ್ಲೇ ಕಲಿಸಿದರು. ಕೈಗೆ ಕೆಲಸವಿಲ್ಲದಾಗ ಇವರ ಬಾಯಿ ಎಷ್ಟು ಚೆನ್ನಾಗಿ ಕಲಿಸುತ್ತದೆ ಎಂದು ನನಗೆ ಆಗಲೇ ಗೊತ್ತಾದದ್ದು. ಗಾಳಿ ಬಂದರೆ ಯಾವ ಕಡೆಗೆ ಒತ್ತಬೇಕು, ಬ್ಯಾಟರಿ ಇಳಿದರೆ ಎಂತ ಮಾಡಬೇಕು. "ಹದ್ದು ಬಂದ್ರೆ ಕೆಳಗೆ ಇಳಿಸ್ಬೇಡಿ ಮೇಡಂ. ಅದು ಬರುದೇ ಮೇಲಿಂದ ಕೆಳಗೆ. ನೀವು ನೆಟ್ಟಗೆ ಮೇಲೆ ಹೋಗಿ. ಮೇಲೆ ಹತ್ಲಿಕ್ಕೆ ಅದಕ್ಕೆ ಕಷ್ಟ."

ಒಂದೇ ಒಂದು ವಿಷಯ ಮಾತ್ರ ಯಾರ ತಲೆಗೂ ಹೋಗಲಿಲ್ಲ. ಡ್ರೋನಿನ ಮುಖ ಆಚೆಗಿದ್ದರೆ ಅದರ ಎಡ ನಮ್ಮ ಎಡ. ಅದು ತಿರುಗಿ ಮುಖ ನಮ್ಮ ಕಡೆಗೆ ಮಾಡಿತೋ, ಎಡಬಲ ಅದಲುಬದಲು. ಎಂಟು ಬರೆಯುವಾಗ ಅರ್ಧ ದಾರಿ ಹಾಗೆಯೇ. ಸರ್ ಕನ್ನಡಿಯ ಉದಾಹರಣೆ ಕೊಟ್ಟರು, ಎದುರು ಬರುವ ಬಸ್ಸಿನ ಉದಾಹರಣೆ ಕೊಟ್ಟರು. ಸುಪ್ರಿತಾ ಮೂರು ಸಲ ಅದೇ ಗೇರುಮರಕ್ಕೆ ಹೋದಳು. ಮರದಲ್ಲಿ ಕೆಳಗಿನ ಕೊಂಬೆಗಳೇ ಉಳಿದಿರಲಿಲ್ಲ.

"ಸರ್, ಮುಖ ಈಚೆ ತಿರುಗಿದ ಕೂಡ್ಲೇ ನನಗೆ ತಲೆ ಕೆಟ್ಟು ಹೋಗ್ತದೆ," ಎಂದಳು, ಅಳುವ ಹಾಗೆ.

ನನಗೆ ಏನೋ ಹೊಳೆಯಿತು. "ಸುಪ್ರಿತಾ, ಮದುವೆ ಮನೆಯಲ್ಲಿ ಪಂಕ್ತಿಗೆ ಉಪ್ಪು ಬಡಿಸಿದ್ದೀಯಾ?"

"ಯಾವಾಗಲೂ ನನಗೇ ಕೊಡುದು ಉಪ್ಪು."

"ಎಲ್ಲಿಗೆ ಬಡಿಸ್ತಿ?"

"ಎಲೆಯ ತುದಿಗೆ. ಊಟ ಮಾಡುವವರ ಎಡಕ್ಕೆ."

"ನೀನು ಅವರ ಎದುರು ನಿಂತಿರ್ತಿ. ಆಗ ನಿನ್ನ ಕೈ ಯಾವ ಕಡೆಗೆ ಹೋಗುದು?"

ಅವಳ ಕೈ ತನ್ನಷ್ಟಕ್ಕೆ ಬಲಕ್ಕೆ ಹೋಯಿತು. ಉಪ್ಪು ಹಿಡಿದ ಹಾಗೆ ಮೂರು ಬೆರಳು ಕೂಡಿಸಿಕೊಂಡೇ ಹೋಯಿತು.

"ಆಲೋಚನೆ ಮಾಡಿದ್ಯಾ?"

"ಇಲ್ಲ."

"ಮುಖ ಈಚೆ ತಿರುಗಿದ್ರೆ ಡ್ರೋನ್ ಊಟಕ್ಕೆ ಕೂತಿದೆ ಅಂತ ತಿಳಿ. ಅದು ನಮ್ಮ ಎಡಕ್ಕೆ ಹೋಗ್ಬೇಕಾದ್ರೆ ಉಪ್ಪು ಬಡಿಸು, ಕಡ್ಡಿ ಬಲಕ್ಕೆ."

ಅವಳು ಎತ್ತಿದಳು. ಡ್ರೋನ್ ಆಚೆ ಹೋಯಿತು, ತಿರುಗಿತು, ಎಲೆಯ ಎದುರು ಕೂತ ನೆಂಟನ ಹಾಗೆ ನಮ್ಮ ಕಡೆ ಮುಖ ಮಾಡಿತು. ಸುಪ್ರಿತಾ "ಉಪ್ಪು" ಎಂದಳು, ಕಡ್ಡಿ ದೂಡಿದಳು. ಡ್ರೋನ್ ಮರ ಬಿಟ್ಟು ಸರಿಯಾದ ಕಡೆಗೆ ತಿರುಗಿತು.

ಏಳು ಹೆಂಗಸರು ಹಾಕಿದ ಬೊಬ್ಬೆಗೆ ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾ ನಿಂತಿತು. ಆಮೇಲೆ ಮೈದಾನದಲ್ಲಿ ಎಡಬಲದ ಮಾತೇ ಇಲ್ಲ. "ಉಪ್ಪು, ಉಪ್ಪು! ಸಾಕು, ಇನ್ನು ಆಚೆ ಬದಿ!" ಸರ್ ಮರದಡಿಯಿಂದ, "ಮೇಡಂ, ಅದನ್ನು ಪುನಃ ಒಮ್ಮೆ ಹೇಳಿ," ಎಂದರು. ಬರೆದುಕೊಳ್ಳಲು ಹೋದರು. ಪೆನ್ನು ಕೈಗೆ ಅಂಟಿತು, ಕಾಗದ ಪೆನ್ನಿಗೆ ಅಂಟಿತು.

ಪರೀಕ್ಷೆಯ ದಿನ ಮಂಗಳೂರಿನಿಂದ ನಿಝಾಮ್ ಎಂಬ ಪರೀಕ್ಷಕರು ಬಂದರು. ಮೂವತ್ತರ ಹುಡುಗ, ಕಡಿಮೆ ಮಾತು, ಕೈಯಲ್ಲಿ ಲ್ಯಾಪ್‌ಟಾಪು. ಅಕ್ಕು ಚಿಕ್ಕಮ್ಮ ಅಭ್ಯಾಸಬಲದಿಂದ ಹಲಸು ತಂದಿದ್ದರು. ಗೋಣಿಯನ್ನೂ ಹಾಸಿದರು.

"ಅದೆಲ್ಲ ಆಮೇಲೆ," ಎಂದರು ನಿಝಾಮ್. "ಸುರಕ್ಷತೆಯ ನಿಯಮ ಉಂಟು. ಪರೀಕ್ಷೆ ಮುಗಿಯುವವರೆಗೆ ಇನ್‌ಸ್ಟ್ರಕ್ಟರ್ ಎರಡನೇ ರಿಮೋಟು ಹಿಡಿದು ನಿಲ್ಬೇಕು, ಬೆರಳು ಸ್ವಿಚ್ಚಿನ ಹತ್ರ. ಜನರ ಮೇಲೆ ಬೀಳುವ ಹಾಗಿದ್ರೆ ಮಾತ್ರ ಒತ್ತುದು. ಒತ್ತಿದ್ರೆ ಆ ಮೇಡಂ ಫೇಲ್. ನನಗೆ ಇಲ್ಲಿ ಕಾಣ್ತದೆ." ಲ್ಯಾಪ್‌ಟಾಪು ತೋರಿಸಿದರು.

ನಾವು ಏಳು ಮಂದಿ ಸರ್ ಕೈ ನೋಡಿದೆವು. ಶುಭ್ರವಾಗಿ ತೊಳೆದ, ಮೇಣವಿಲ್ಲದ ಕೈ. ನಮಗೆ ಜೀವವೇ ಹೋಯಿತು.

ಮೊದಲು ಸುಪ್ರಿತಾ, ಪಾಸ್. ಎರಡನೆಯವಳು ಪಾಸ್. ಮೂರನೆಯವಳು ಇಳಿಸುವಾಗ ಗೆರೆ ದಾಟಿದಳು, ಫೇಲ್. ಅಕ್ಕು ಚಿಕ್ಕಮ್ಮ ಸೆರಗಿನಲ್ಲಿದ್ದ ಫೋನನ್ನು ನಿಝಾಮ್ ಕೈಗೇ ಕೊಟ್ಟು, "ಕರುವಿನ ವಿಷಯ ಬಂದ್ರೆ ನೀವೇ ಮಾತಾಡಿ," ಎಂದು ಹೋಗಿ ಪಾಸಾಗಿ ಬಂದರು. ಐದನೆಯವಳು ಗಡಿಬಿಡಿಯಲ್ಲಿ ಎಂಟಿನ ಬದಲು ಸೊನ್ನೆ ಬರೆದಳು, ಫೇಲ್. ಆರನೆಯವಳು ಪಾಸ್. ನಾಲ್ಕಾಯಿತು. ಬೇಕಾದದ್ದು ಐದು. ಉಳಿದವಳು ನಾನೊಬ್ಬಳು. ಸರ್ ಅಷ್ಟರವರೆಗೆ ಸ್ವಿಚ್ಚು ಮುಟ್ಟಿರಲಿಲ್ಲ. ಆದರೆ ಅವರ ಬಲಗಾಲಿನ ಎದುರು ಮಣ್ಣಿನಲ್ಲಿ ಆಗಲೇ ಒಂದು ಗುಳಿ ಬಿದ್ದಿತ್ತು.

ನಾನು ನನ್ನ ಜಾಗಕ್ಕೆ ಹೋದೆ. ಇವರು ಹಿಂದೆ, ಮೂರು ಹೆಜ್ಜೆ ದೂರದಲ್ಲಿ. ಮಾತಾಡಬಾರದು ಎಂಬ ನಿಯಮ. ಇವರ ಉಸಿರು ಕೇಳುತ್ತಿತ್ತು.

ಎತ್ತಿದೆ. ಚೌಕಾಕಾರದ ಹಾರಾಟ ಮುಗಿಯಿತು. ಎಂಟರ ಮೊದಲ ಸುತ್ತು ಮುಗಿಯಿತು. ಎರಡನೇ ಸುತ್ತಿನಲ್ಲಿ ಡ್ರೋನ್ ತಿರುಗಿ ನನ್ನ ಕಡೆ ಮುಖ ಮಾಡಿತು. ಉಪ್ಪು ಎಂದುಕೊಂ‍ಡೆ. ಅಷ್ಟರಲ್ಲಿ ತೆಂಗಿನ ಮರದ ಮೇಲಿಂದ ಒಂದು ಹದ್ದು ರೆಕ್ಕೆ ಮಡಚಿ ಕೆಳಗೆ ಬಂತು. ಅದಕ್ಕೆ ಪರೀಕ್ಷೆಯ ವಿಷಯ ಗೊತ್ತಿರಲಿಲ್ಲ.

"ದೇವೆರೆ!" ಎಂದರು ಅಕ್ಕು ಚಿಕ್ಕಮ್ಮ.

ಹಿಂದಿನಿಂದ ಟಪ್ ಎಂದು ಸದ್ದಾಯಿತು.

ಒತ್ತಿದರು, ಎಂದುಕೊಂಡೆ. ಮುಗಿಯಿತು. ಹತ್ತೊಂಬತ್ತು ಸಲ ಒತ್ತಿದ ಮನುಷ್ಯ ಇಪ್ಪತ್ತನೆಯ ಸಲ ಬಿಡುತ್ತಾರೆಯೇ? ಆದರೂ ನನ್ನ ಎಡ ಹೆಬ್ಬೆರಳು ಆಗಲೇ ಕಡ್ಡಿಯನ್ನು ಪೂರ್ತಿ ಮೇಲೆ ದೂಡಿತ್ತು. ಡ್ರೋನ್ ನೆಟ್ಟಗೆ ಮೇಲಕ್ಕೆ ನೆಗೆಯಿತು. ಹದ್ದು ಅದರ ಕೆಳಗಿನಿಂದ ಹಾದು, ಅವಮಾನವಾದವರ ಹಾಗೆ ಒಂದು ಸುತ್ತು ಹಾಕಿ, ಪುನಃ ತೆಂಗಿನ ಮರಕ್ಕೆ ಹೋಯಿತು. ನಾನು ಒತ್ತಿದ ಹಾಗೆಯೇ ಡ್ರೋನ್ ಹೋದದ್ದು, ಸ್ವಲ್ಪ ಓಲಾಡಿಕೊಂಡು, ನನ್ನ ಕೆಟ್ಟ ಅಕ್ಷರದಲ್ಲಿ. ಆ ಓಲಾಟ ನೋಡಿ ನನಗೆ ಆಸೆ ಹುಟ್ಟಿತು. ಮೆಲ್ಲ ಕೆಳಗೆ ತಂದೆ. ಉಪ್ಪು ಬಡಿಸಿದೆ. ಎಂಟನ್ನು ಮುಗಿಸಿದೆ. ಬಿಳಿ ಗೆರೆಯ ಒಳಗೆ, ಸ್ವಲ್ಪ ಕುಕ್ಕಿಯೇ, ಇಳಿಸಿದೆ. ಕಣ್ಣು ತೆರೆದೇ ಇತ್ತು.

"ಇವರು ಒತ್ತಿದ್ರಾ?" ಎಂದು ನಿಝಾಮ್‌ನನ್ನು ಕೇಳಿದೆ. ಇವರ ಮುಖ ನೋಡಲು ಧೈರ್ಯವಾಗಲಿಲ್ಲ.

ನಿಝಾಮ್ ಲ್ಯಾಪ್‌ಟಾಪನ್ನು ಮೇಲೆ ಕೆಳಗೆ ಸರಿಸಿ ನೋಡಿದರು. "ಇಲ್ಲ ಮೇಡಂ. ಇಡೀ ಹಾರಾಟದಲ್ಲಿ ಒಂದು ಸಲವೂ ಇಲ್ಲ. ಪಾಸ್."

ಗುಂಪಿಗೆ ಡ್ರೋನ್ ಸಿಕ್ಕಿತು ಎಂದು ಎಲ್ಲರಿಗೂ ಗೊತ್ತಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ರಿಕ್ಷಾ ಪುನಃ ನಿಂತಿತು.

ಗಲಾಟೆಯ ನಡುವೆ ತಿರುಗಿ ನೋಡಿದೆ. ಇವರು ನಿಂತಲ್ಲೇ ನಿಂತಿದ್ದರು, ರಿಮೋಟನ್ನು ಎದೆಗೆ ಒತ್ತಿ ಹಿಡಿದುಕೊಂಡು. ಬಲಗಾಲು ಹಿಮ್ಮಡಿಯವರೆಗೆ ಮಣ್ಣಿನೊಳಗೆ ಹೋಗಿತ್ತು. ಚಪ್ಪಲಿಯ ಬಾರು ಕಿತ್ತು ಬದಿಗೆ ನೇತಾಡುತ್ತಿತ್ತು.

"ಚಪ್ಪಲಿಗೆ ಎಂತಾಯ್ತು ಸರ್?" ಎಂದರು ಅಕ್ಕು ಚಿಕ್ಕಮ್ಮ.

"ಹದ್ದು ಬಂತಲ್ಲ," ಎಂದರು ಇವರು. "ಬ್ರೇಕ್ ಹಾಕಿದ್ದು."

"ಎಲ್ಲಿಗೆ?"

"ನೆಲಕ್ಕೆ."

ಸಂಜೆ ಇವರು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಸ್ಕೂಟರ್ ಹೊರಡಿಸಿದರು. ನಾನು ಹಿಂದೆ ಕೂತೆ. ಇನ್ನು ಪಕ್ಷಪಾತದ ಪ್ರಶ್ನೆ ಇರಲಿಲ್ಲ. ಉಳಿದ ಹಲಸಿನ ಹಣ್ಣು ನಮ್ಮಿಬ್ಬರ ನಡುವೆ.

ನೆಲಕ್ಕೆ ಒತ್ತಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಅರಂತೋಡಿನ ಚಾವಡಿಯಲ್ಲಿ ಕೊಟ್ಟ ಮಾತನ್ನು ಅಚ್ಚುತ ಇಪ್ಪತ್ತೊಂದು ವರ್ಷದ ಮೇಲೆ ಉಳಿಸಿಕೊಂಡರು.